ಒಂದೇ ಆಲೇಖದಲ್ಲಿ ಎರಡು ವರ್ಗಗಳು: ದಕ್ಷಿಣ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ನಿದರ್ಶನ

ವ್ಯವಹಾರ ವರದಿಗಳನ್ನು ಸಿದ್ಧಪಡಿಸುವ ಪವರ್ ಬಿಐ, ಟ್ಯಾಬ್ಲೋ, ಎಕ್ಸೆಲ್ ಮೊದಲಾದ ತಂತ್ರಾಂಶಗಳಲ್ಲಿ ಎರಡು ವರ್ಗಗಳನ್ನು ಒಂದೇ ಆಲೇಖದಲ್ಲಿ ತೋರಿಸುವ ಕ್ರಮ ಸರಳವಾದುದು. ಒಂದು ವರ್ಗವನ್ನು ಅಕ್ಷದ ಮೇಲಿರಿಸಿ, ಇನ್ನೊಂದನ್ನು ಬಣ್ಣಗಳ ಮೂಲಕ ಬೇರ್ಪಡಿಸಲಾಗುತ್ತದೆ. ಸ್ತಂಭಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಹೋಲಿಕೆ ಸುಲಭ. ಒಂದರ ಮೇಲೊಂದು ಪೇರಿಸಿದರೆ ಒಟ್ಟು ಮೊತ್ತ ಎದ್ದು ಕಾಣುತ್ತದೆ. ಆದರೆ ಪೇರಿಸುವ ಕ್ರಮದ ಹಿಂದೆ ಒಂದು ಗ್ರಹಿಕೆ ಅಡಗಿದೆ: ಪ್ರತಿಯೊಂದು ಘಟಕವೂ ಒಂದೇ ಒಂದು ವರ್ಗಕ್ಕೆ ಸೇರಿದುದೆಂಬುದು. ಈ ಗ್ರಹಿಕೆ ಎಲ್ಲೆಡೆ ಸಲ್ಲುವುದಿಲ್ಲವೆಂಬುದಕ್ಕೆ ದಕ್ಷಿಣ ಬೆಂಗಳೂರಿನ ಮೆಟ್ರೊ ರೈಲು ವ್ಯವಸ್ಥೆ ಉತ್ತಮ ನಿದರ್ಶನ.

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಮೂಲಕ ಹಾದುಹೋಗುವ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಆರಂಭವಾಯಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ರಾಗಿಗುಡ್ಡ, ಬಿ.ಟಿ.ಎಂ. ಬಡಾವಣೆಗಳ ಮೂಲಕ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಜಯನಗರ ಮತ್ತು ಬನಶಂಕರಿಗಳ ನಡುವಿನ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣವು ಹೀಗೆ ಎರಡೂ ಮಾರ್ಗಗಳಿಗೆ ಸೇರಿದುದಾಯಿತು.

ಹಳದಿ ಮಾರ್ಗ ತೆರೆದಾಗ ನೇರಳೆ, ಹಸಿರು, ಹಳದಿ ಮಾರ್ಗಗಳ ಉದ್ದ ಕ್ರಮವಾಗಿ 43.49, 33.46 ಮತ್ತು 19.15 ಕಿ.ಮೀ. ಕೂಡಿದರೆ 96.10 ಕಿ.ಮೀ.; ಇದು ಸರಿಯಾದ ಮೊತ್ತ. ನಿಲ್ದಾಣಗಳು ಕ್ರಮವಾಗಿ 37, 32 ಮತ್ತು 16; ಕೂಡಿದರೆ 85. ಆದರೆ ವಾಸ್ತವವಾಗಿ ಇದ್ದ ನಿಲ್ದಾಣಗಳು 83. ನೇರಳೆ ಮತ್ತು ಹಸಿರು ಮಾರ್ಗಗಳು ಸಂಧಿಸುವ ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣ ಹಾಗೂ ರಾಷ್ಟ್ರೀಯ ವಿದ್ಯಾಲಯ ರಸ್ತೆ ನಿಲ್ದಾಣ ಎರಡೆರಡು ಬಾರಿ ಎಣಿಕೆಗೆ ಬಂದಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಉದ್ದವನ್ನು ಪೇರಿಸಬಹುದು, ನಿಲ್ದಾಣಗಳನ್ನು ಹಾಗೆ ಪೇರಿಸಲಾಗದು.

ದೋಷದ ಮೂಲ ಆಲೇಖದಲ್ಲಿಲ್ಲ, ಅದಕ್ಕೆ ಆಧಾರವಾದ ಕೋಷ್ಟಕದಲ್ಲಿದೆ. ಮಾರ್ಗ ಮತ್ತು ನಿಲ್ದಾಣಗಳ ಪ್ರತಿ ಜೋಡಿಗೆ ಒಂದು ಸಾಲಿನಂತೆ ಬರೆದಾಗ 85 ಸಾಲುಗಳಾಗುತ್ತವೆ. ತಂತ್ರಾಂಶ ಸಾಲುಗಳನ್ನು ಎಣಿಸಿದರೆ 85 ಎನ್ನುತ್ತದೆ. ಪುನರಾವರ್ತನೆಯನ್ನು ಬಿಟ್ಟು ಎಣಿಸಿದರೆ 83 ಎನ್ನುತ್ತದೆ. ಒಂದೆಡೆ ‘ಆರ್.ವಿ. ರಸ್ತೆ’ ಎಂದೂ ಇನ್ನೊಂದೆಡೆ ಪೂರ್ಣ ಹೆಸರನ್ನೂ ನಮೂದಿಸಿದ್ದರೆ ಈ ಎರಡನೆಯ ಎಣಿಕೆಯೂ ತಪ್ಪುತ್ತದೆ. ಆದ್ದರಿಂದ ಪ್ರತಿ ನಿಲ್ದಾಣಕ್ಕೂ ಒಂದೇ ಸಂಕೇತ ಸಂಖ್ಯೆಯನ್ನು ನೀಡಿ, ಮಾರ್ಗಗಳೊಂದಿಗಿನ ಸಂಬಂಧವನ್ನು ಪ್ರತ್ಯೇಕ ಕೋಷ್ಟಕದಲ್ಲಿ ಇರಿಸುವುದು ಉಚಿತ.

ಪೇರಿಸಿದ ಆಲೇಖವೇ ಬೇಕೆಂದಾದಲ್ಲಿ ವರ್ಗಗಳನ್ನೇ ಪುನರ್ರಚಿಸಬೇಕಾಗುತ್ತದೆ: ನೇರಳೆ ಮಾತ್ರ 36, ಹಸಿರು ಮಾತ್ರ 30, ಹಳದಿ ಮಾತ್ರ 15, ಎರಡು ಮಾರ್ಗಗಳಿಗೆ ಸೇರಿದವು 2. ಇವುಗಳ ಮೊತ್ತ 83.

ಪ್ರಯಾಣಿಕರ ಎಣಿಕೆಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಜಯನಗರದಲ್ಲಿ ಹತ್ತಿ ಬಿ.ಟಿ.ಎಂ. ಬಡಾವಣೆಯಲ್ಲಿ ಇಳಿಯುವ ವ್ಯಕ್ತಿಯ ಪ್ರಯಾಣ ಒಂದೇ ಆದರೂ ಮಾರ್ಗವಾರು ಪಟ್ಟಿಯಲ್ಲಿ ಆತ ಎರಡು ಕಡೆ ಕಾಣಿಸಿಕೊಳ್ಳುತ್ತಾನೆ. ಪ್ರವೇಶದ್ವಾರದ ಎಣಿಕೆಯನ್ನಷ್ಟೇ ನೆಚ್ಚಿದರೆ ಆತ ಜಯನಗರದ ಲೆಕ್ಕಕ್ಕೆ ಮಾತ್ರ ಸೇರುತ್ತಾನೆ. ಮಾರ್ಗ ಬದಲಿಸುವ ನಿಲ್ದಾಣದ ಮೆಟ್ಟಿಲು, ಲಿಫ್ಟ್, ಪ್ಲಾಟ್‌ಫಾರಂಗಳ ಮೇಲೆ ಬೀಳುವ ಒತ್ತಡ ವರದಿಯಲ್ಲಿ ಮರೆಯಾಗುತ್ತದೆ. ಮೊದಲನೆಯ ಲೆಕ್ಕ ಪ್ರಯಾಣವನ್ನು ಹಿಗ್ಗಿಸಿದರೆ, ಎರಡನೆಯದು ಜನಸಂದಣಿಯನ್ನು ಕುಗ್ಗಿಸುತ್ತದೆ. ಸೌಕರ್ಯಗಳ ಯೋಜನೆ ಇಂತಹ ವರದಿಗಳನ್ನೇ ಅವಲಂಬಿಸುವುದರಿಂದ, ಎಣಿಸಿದ್ದು ಪ್ರಯಾಣವನ್ನೋ, ಪ್ರವೇಶವನ್ನೋ, ಮಾರ್ಗದ ಬಳಕೆಯನ್ನೋ ಎಂಬುದನ್ನು ಆಲೇಖದ ಶೀರ್ಷಿಕೆಯಲ್ಲಿಯೇ ಸ್ಪಷ್ಟಪಡಿಸುವುದು ಅವಶ್ಯ.