ತಿಜೋರಿ ಕೊಡುವುದು ಸಮಯವನ್ನು

ಹೊಸೂರು, ಕೃಷ್ಣಗಿರಿ ಸೀಮೆಯಲ್ಲಿ ಬಂಗಾರ ಮೈಮೇಲಿನ ಒಡವೆಯಷ್ಟೇ ಅಲ್ಲ, ಕಷ್ಟಕಾಲದ ಬಂಡವಾಳವೂ ಹೌದು. ಮಾವಿನ ತೋಪಿಗೆ ಔಷಧಿ ಹೊಡೆಸಬೇಕು, ಗುಲಾಬಿ ತೋಟಕ್ಕೆ ಗೊಬ್ಬರ ತರಬೇಕು, ಮಗಳ ಕಾಲೇಜು ಫೀಸು ಕಟ್ಟಬೇಕು ಎಂದಾಗ ಬಳೆ, ಸರ ಅಡವಿಗೆ ಹೋಗುತ್ತವೆ. ಶಾಖೆಯಲ್ಲಿ ಒರೆಗಲ್ಲಿಗೆ ತೀಡಿ ನೋಡಿ, ತೂಕ ಬರೆದು, ಪೊಟ್ಟಣಕ್ಕೆ ಸೀಲು ಹಾಕಿ ತಿಜೋರಿಯೊಳಗೆ ಇಡುತ್ತಾರೆ. ಇನ್ನು ಚಿಂತೆಯಿಲ್ಲ ಎಂದು ನಾವು ಮನೆಗೆ ಬರುತ್ತೇವೆ.

ಆ ನಂಬಿಕೆಯನ್ನು ಅಲ್ಲಾಡಿಸಿದ ಎರಡು ಪ್ರಕರಣಗಳು ಇದೇ ಜಿಲ್ಲೆಯಲ್ಲಿ ನಡೆದಿವೆ. 2015ರ ಜನವರಿಯಲ್ಲಿ ಕೃಷ್ಣಗಿರಿ ಬಳಿಯ ಕುಂದಾರಪಳ್ಳಿಯ ಬ್ಯಾಂಕ್ ಆಫ್ ಬರೋಡ ಶಾಖೆಗೆ ರಾತ್ರೋರಾತ್ರಿ ನುಗ್ಗಿದ ಕಳ್ಳರು ಗ್ಯಾಸ್ ಕಟರ್ ಬಳಸಿ ಸುಮಾರು 48 ಕಿಲೋ ಅಡವಿನ ಚಿನ್ನ ಹೊತ್ತೊಯ್ದರು. 2021ರ ಜನವರಿ 22ರಂದು ಹೊಸೂರಿನ ಬಾಗಲೂರು ರಸ್ತೆಯ ಮುತ್ತೂಟ್ ಫೈನಾನ್ಸ್ ಶಾಖೆಯಲ್ಲಿ ಕಟರ್ ಬೇಕಾಗಲೇ ಇಲ್ಲ. ಹಾಡಹಗಲೇ ಬಂದವರು ಸಿಬ್ಬಂದಿಗೆ ಪಿಸ್ತೂಲು ತೋರಿಸಿ ಸುಮಾರು 25 ಕಿಲೋ ಚಿನ್ನ ದೋಚಿದರು.

ಎರಡೂ ಕಡೆ ತಿಜೋರಿಯ ನಂಬರ್ ಕಂಡುಹಿಡಿಯುವ ಗೋಜಿಗೆ ಯಾರೂ ಹೋಗಲಿಲ್ಲ. ಸಿನಿಮಾದಲ್ಲಿ ಕಳ್ಳ ಬಾಗಿಲಿಗೆ ಕಿವಿಯಿಟ್ಟು ಡಯಲ್ ತಿರುಗಿಸುತ್ತಾನೆ, ಎರಡು ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. ನಿಜವಾದ ಬೀಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಡಯಲ್ ಹಿಂದೆ ಸಾಮಾನ್ಯವಾಗಿ ಮೂರು ಬಿಲ್ಲೆಗಳಿರುತ್ತವೆ. ಪ್ರತಿ ಬಿಲ್ಲೆಯ ಅಂಚಿನಲ್ಲೂ ಒಂದೊಂದು ಕಚ್ಚು. ಸರಿಯಾದ ನಂಬರಿಗೆ ತಿರುಗಿಸಿದಾಗ ಮೂರೂ ಕಚ್ಚುಗಳು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಮೇಲೆ ಕಾದು ಕುಳಿತ ಲೋಹದ ಪಟ್ಟಿ ಆ ಸಾಲಿನೊಳಗೆ ಇಳಿಯುತ್ತದೆ, ಚಿಲಕ ಸರಿಯುತ್ತದೆ. ಒಂದೊಂದು ಬಿಲ್ಲೆಗೆ ನೂರು ಅಂಕಿಯಂತೆ ಲೆಕ್ಕ ಹಾಕಿದರೆ 10 ಲಕ್ಷ ಜೋಡಣೆಗಳು. ಒಂದು ಅಂಕಿ ಆಚೀಚೆಯಾದರೂ ಎಷ್ಟೋ ಬೀಗಗಳು ತೆರೆದುಕೊಳ್ಳುವುದರಿಂದ ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಆದರೂ ಒಂದೊಂದಾಗಿ ತಿರುಗಿಸುತ್ತ ಕೂರುವವನಿಗೆ ಬೆಳಕು ಹರಿದುಬಿಡುತ್ತದೆ. ಬಿಲ್ಲೆಗಳ ಸೂಕ್ಷ್ಮ ಏರುಪೇರನ್ನು ಬೆರಳಿನಲ್ಲೇ ಗ್ರಹಿಸಿ ನಂಬರ್ ಹಿಡಿಯುವ ಕಸುಬುದಾರರು ಜಗತ್ತಿನಲ್ಲಿ ಇದ್ದಾರೆ. ಅದಕ್ಕೆ ವರ್ಷಗಳ ಅಭ್ಯಾಸ, ಗಂಟೆಗಟ್ಟಲೆ ಸಹನೆ ಬೇಕು. ಅವರನ್ನೂ ತಡೆಯಲೆಂದೇ ಮಾಡಿದ ಬೀಗಗಳೂ ಇವೆ.

ಹಾಗಾಗಿ ಕಳ್ಳ ಬೀಗದ ತಂಟೆಗೆ ಹೋಗದೆ ಲೋಹದ ಮೇಲೆ ಬೀಳುತ್ತಾನೆ. ಆಕ್ಸಿ-ಅಸಿಟಿಲೀನ್ ಜ್ವಾಲೆಯ ಶಾಖ 3,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬರೀ ಉಕ್ಕು ಅದರ ಮುಂದೆ ನಿಲ್ಲದು. ಒಳ್ಳೆಯ ತಿಜೋರಿಯ ಗೋಡೆಯಲ್ಲಿ ಡ್ರಿಲ್ಲಿನ ಮೊನೆ ಮುರಿಯುವ ಗಡಸು ಫಲಕ, ಗಟ್ಟಿ ಕಾಂಕ್ರೀಟ್, ಕೆಲವುಗಳಲ್ಲಿ ಶಾಖವನ್ನು ಅಗಲಕ್ಕೆ ಹರಡುವ ತಾಮ್ರದ ಪದರವೂ ಇರುತ್ತದೆ. ಬೀಗದ ಹಿಂದೆ ಕೆಲವರು ಗಾಜಿನ ಫಲಕ ಕೂರಿಸುತ್ತಾರೆ. ಡ್ರಿಲ್ಲಿಗೆ ಅದು ಒಡೆದರೆ ಹೆಚ್ಚುವರಿ ಚಿಲಕಗಳು ಜಿಗಿದು ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆ.

ಇಷ್ಟೆಲ್ಲ ಇದ್ದರೂ ಒಡೆಯಲಾಗದ ತಿಜೋರಿ ಎಂದು ಯಾವ ಪರೀಕ್ಷಾ ಸಂಸ್ಥೆಯೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅಮೆರಿಕದ ಯುಎಲ್ ಸಂಸ್ಥೆ ಕೊಡುವ ದರ್ಜೆಯ ಹೆಸರೇ ಟಿಎಲ್-15, ಟಿಎಲ್-30 ಎಂದು. ತಿಜೋರಿಯ ನಕ್ಷೆಯನ್ನೇ ಕೈಯಲ್ಲಿಟ್ಟುಕೊಂಡ ಪರಿಣತರು ಉಪಕರಣ ಹಿಡಿದು ಬಾಗಿಲಿನ ಮೇಲೆ ಬಿದ್ದರೆ ಅದು ಎಷ್ಟು ನಿಮಿಷ ತಡೆದೀತು ಎಂಬುದೇ ಆ ಅಂಕಿ. ಹದಿನೈದು ನಿಮಿಷ, ಮೂವತ್ತು ನಿಮಿಷ! ತಿಜೋರಿ ನಮಗೆ ಕೊಡುವುದು ಸಮಯವನ್ನು. ಅಷ್ಟರೊಳಗೆ ಅಲಾರಂ ಕೂಗಬೇಕು, ಯಾರಾದರೂ ಓಡಿ ಬರಬೇಕು. ಬಾರದಿದ್ದರೆ ಎಂಥ ಉಕ್ಕೂ ಸೋಲುತ್ತದೆ. ದಾವಣಗೆರೆ ಜಿಲ್ಲೆಯ ನ್ಯಾಮತಿಯ ಎಸ್‌ಬಿಐ ಶಾಖೆಯಲ್ಲಿ 2024ರ ಅಕ್ಟೋಬರ್‌ನಲ್ಲಿ ಆದದ್ದೂ ಗ್ಯಾಸ್ ಕಟರ್ ಕಳವೇ. 17 ಕಿಲೋಗೂ ಮೀರಿದ ಆ ಚಿನ್ನದ ಬಹುಪಾಲು ತಿಂಗಳುಗಳ ನಂತರ ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿ ಸಿಕ್ಕಿತು.

ನಮ್ಮ ದೇಶದ ತಿಜೋರಿ ಕಸುಬು ಹೆಮ್ಮೆಪಡುವಂಥದ್ದು. 1897ರಲ್ಲಿ ಮುಂಬೈಯಲ್ಲಿ ಬೀಗ ತಯಾರಿಸತೊಡಗಿದ ಅರ್ದೇಶಿರ್ ಗೋದ್ರೆಜ್ ಕೆಲವೇ ವರ್ಷಗಳಲ್ಲಿ ತಿಜೋರಿಗೆ ಕೈಹಾಕಿದರು. 1944ರ ಏಪ್ರಿಲ್‌ನಲ್ಲಿ ಮುಂಬೈ ಬಂದರಿನ ಹಡಗು ಸ್ಫೋಟದ ಬೆಂಕಿಯಲ್ಲಿ ಸುತ್ತಲಿನದೆಲ್ಲ ಸುಟ್ಟುಹೋದರೂ ಅವರ ತಿಜೋರಿಗಳಲ್ಲಿದ್ದ ವಸ್ತುಗಳು ಉಳಿದವು. ಆದರೆ ಬೆಂಕಿ ತಡೆಯುವುದು ಬೇರೆ, ಕಳ್ಳನನ್ನು ತಡೆಯುವುದು ಬೇರೆ. ಕಾಗದಪತ್ರ ಸುಡದಂತೆ ಮಾಡಿದ ಪೆಟ್ಟಿಗೆ ಹಾರೆಗೆ ಬಾಯಿಬಿಟ್ಟೀತು. ಅಂಗಡಿಯಲ್ಲಿ ಕೇಳದೆ ಕೊಂಡವರಿಗೆ ಇದು ತಿಳಿಯುವುದೇ ಇಲ್ಲ.

ಇನ್ನು ಕೀಲಿಯ ಮಾತು. ಬ್ಯಾಂಕುಗಳಲ್ಲಿ ತಿಜೋರಿಯ ಎರಡು ಕೀಲಿ ಇಬ್ಬರು ಅಧಿಕಾರಿಗಳ ಬಳಿ ಇರುತ್ತವೆ, ಒಬ್ಬರೇ ತೆರೆಯಲಾಗದು. ಈ ಕಟ್ಟಳೆ ಒಳ್ಳೆಯದೇ. ಆದರೂ 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ 58 ಕಿಲೋಗೂ ಹೆಚ್ಚು ಚಿನ್ನ ಹೋದಾಗ ಪೊಲೀಸರ ತನಿಖೆಯಲ್ಲಿ ಕೇಳಿಬಂದದ್ದು ನಕಲಿ ಕೀಲಿಯ ಕಥೆ. ಹೊಸೂರಿನಲ್ಲಿ ಚಿನ್ನ ಮರಳಿ ಸಿಗಲು ನೆರವಾದದ್ದೂ ಉಕ್ಕಿನ ಬಾಗಿಲಲ್ಲ, ಚಿನ್ನದ ಜೊತೆಗಿದ್ದ ಪುಟ್ಟ ಜಿಪಿಎಸ್. ಅದರ ಸುಳಿವು ಹಿಡಿದ ಪೊಲೀಸರಿಗೆ ದರೋಡೆಕೋರರು ಮರುದಿನವೇ ಹೈದರಾಬಾದ್ ಬಳಿ ಸಿಕ್ಕಿಬಿದ್ದರು.

ಮನೆಗೆ ತಿಜೋರಿ ತರುವವರು ಕಂಪನಿಯವರು ಇಟ್ಟುಕೊಟ್ಟ ನಂಬರನ್ನು ಅಂದೇ ಬದಲಿಸಿ. ಹುಟ್ಟಿದ ದಿನ, ಗಾಡಿ ನಂಬರ್ ಬೇಡ. ಪೆಟ್ಟಿಗೆಯನ್ನು ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿಸಿ. ಇಲ್ಲದಿದ್ದರೆ ಇಬ್ಬರು ಸೇರಿ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾರೆ. ಒಡವೆ ಅಡವಿಡುವವರು ಬಡ್ಡಿ ದರ ಕೇಳಿದ ಮೇಲೆ ಇನ್ನೆರಡು ಮಾತು ಕೇಳಿ: ರಾತ್ರಿ ಅಲಾರಂ ಕೂಗಿದರೆ ಯಾರಿಗೆ ಕೇಳಿಸುತ್ತದೆ, ಅವರು ಎಷ್ಟು ಹೊತ್ತಿಗೆ ಬರುತ್ತಾರೆ? ಉತ್ತರ ಸಿಗದ ಶಾಖೆಯಲ್ಲಿ ಒಡವೆ ಇಡಬೇಡಿ.