ಹುರಿ ಮೀರಿದ ಪ್ಲಾಸ್ಮಾ

ಚಳ್ಳಕೆರೆಯಿಂದ ಬಳ್ಳಾರಿಯತ್ತ ಸಾಗುವ ಹೆದ್ದಾರಿಯ ಮೇಲಿರುವ ಬಿ.ಜಿ. ಕೆರೆಯ ಆಸುಪಾಸಿನವರಿಗೆ ಪರಮಾಣುವೆಂಬ ಹೆಸರು ಅಪರಿಚಿತವೇನಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೂ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೂ ವಿಸ್ತಾರವಾದ ಭೂಮಿ ದೊರೆತಿದೆ. ಉಳ್ಳಾರ್ತಿಯದು ಭಾರವಾದ ಯುರೇನಿಯಮ್ಮಿನ ವ್ಯವಹಾರ. ಹಗುರವಾದ ಹೈಡ್ರೋಜನ್ ಬೀಜಗಳನ್ನು ಬೆಸೆದು, ಸೂರ್ಯನ ಗರ್ಭದಲ್ಲಿ ನಡೆಯುವ ಕಾರ್ಯವನ್ನು ಭೂಮಿಯ ಮೇಲೆ ನಡೆಸುವ ಇನ್ನೊಂದು ವಿದ್ಯೆಯುಂಟು. ಅದಕ್ಕೆ ಸಂಲಯನವೆಂದು ಹೆಸರು. 1955ರಲ್ಲಿ ಪರಮಾಣುಶಕ್ತಿಯನ್ನು ಕುರಿತ ಜಿನೀವಾ ಸಮ್ಮೇಳನದ ಅಧ್ಯಕ್ಷಪೀಠದಿಂದ ಹೋಮಿ ಭಾಭಾ ಅವರು ಎರಡು ದಶಕಗಳೊಳಗೆ ಅದು ಕೈವಶವಾದೀತೆಂದು ನುಡಿದರು. ಅದಕ್ಕೆ ಬೇಕಾದ ಅತಿತಪ್ತ ಅನಿಲದ, ಅಂದರೆ ಪ್ಲಾಸ್ಮಾದ, ಚಂಚಲ ಸ್ವಭಾವವು ಅಂದು ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲವೆಂಬುದನ್ನು ನೆನೆದರೆ ಆ ಆಶಾವಾದವನ್ನು ಹಳಿಯಲು ಮನಸ್ಸು ಬಾರದು.

ಭೂಮಿಯ ಮೇಲೆ ಸಂಲಯನಕ್ಕೆ ಹತ್ತು ಕೋಟಿ ಡಿಗ್ರಿಗೂ ಮಿಗಿಲಾದ ಉಷ್ಣತೆ ಬೇಕು. ಅಷ್ಟು ಕಾದು, ಎಲೆಕ್ಟ್ರಾನುಗಳೂ ಬೀಜಗಳೂ ಬೇರ್ಪಟ್ಟು ಪ್ಲಾಸ್ಮಾ ಎನಿಸಿಕೊಳ್ಳುವ ಅನಿಲವನ್ನು ಯಾವ ಪಾತ್ರೆಯೂ ತಾಳಲಾರದಾದಕಾರಣ, ಸೋವಿಯತ್ ವಿಜ್ಞಾನಿಗಳಾದ ತಾಮ್ ಮತ್ತು ಸಖಾರೋವ್ 1950ರ ದಶಕದ ಆದಿಯಲ್ಲಿ ಅದನ್ನು ಉಂಗುರಾಕಾರದ ಕಾಂತಕ್ಷೇತ್ರದಲ್ಲಿ ಬಂಧಿಸುವ ಉಪಾಯವನ್ನು ಚಿಂತಿಸಿದರು. ಟೋಕಮಾಕ್ ಎಂಬ ಯಂತ್ರವು ಹುಟ್ಟಿದ್ದು ಹೀಗೆ. ಹೊರಗಿನ ಸುರುಳಿಗಳು ಉಂಗುರದ ಉದ್ದಕ್ಕೂ ಕಾಂತಕ್ಷೇತ್ರವನ್ನೊಡ್ಡುತ್ತವೆ. ಪ್ಲಾಸ್ಮಾದೊಳಗೆ ಹರಿಯುವ ವಿದ್ಯುತ್ಪ್ರವಾಹವು ತನ್ನದೇ ಇನ್ನೊಂದು ಕ್ಷೇತ್ರವನ್ನು ಹುಟ್ಟಿಸುತ್ತದೆ. ಇವೆರಡೂ ಕೂಡಿ ಬಲರೇಖೆಗಳು ಹುರಿಗೊಳ್ಳುತ್ತವೆ.

ಮೊಳಕಾಲ್ಮೂರಿನ ರೇಷ್ಮೆ ನೇಯುವವರು ಈ ಮಾತಿನ ಮರ್ಮವನ್ನು ಬಲ್ಲರು: ಹುರಿಯಿಲ್ಲದ ಎಳೆ ಬಿಗಿಯಾಗಿ ನಿಲ್ಲದು, ಹುರಿ ಮೀರಿದ ಎಳೆ ಕೊಂಚ ಸಡಿಲವಾದೊಡನೆ ತಾನೇ ಮುರುಟಿ ಕುಣಿಕೆಯಾಗುತ್ತದೆ. ಪ್ರವಾಹವನ್ನು ಅತಿಯಾಗಿ ಹೆಚ್ಚಿಸಿದಾಗ ಪ್ಲಾಸ್ಮಾಸ್ತಂಭವೂ ಹಾಗೆಯೇ ಮುರುಟುತ್ತದೆ. ಕ್ರಸ್ಕಲ್ ಮತ್ತು ಶಫ್ರಾನೋವ್ ಕಂಡುಕೊಂಡ ಮಿತಿಯಂತೆ, ಬಲರೇಖೆಯು ಅಡ್ಡಸುತ್ತೊಂದನ್ನು ಮುಗಿಸುವ ಮುನ್ನ ಉಂಗುರದ ಉದ್ದಸುತ್ತನ್ನು ಒಂದಕ್ಕಿಂತ ಹೆಚ್ಚು ಸಲ ಹಾಕಿರಬೇಕು. ವ್ಯವಹಾರದಲ್ಲಿ ಅಂಚಿನ ಬಳಿ ಈ ಸಂಖ್ಯೆಯನ್ನು ಎರಡಕ್ಕಿಂತ ಮೇಲೆಯೇ, ಸಾಮಾನ್ಯವಾಗಿ ಮೂರರ ಸಮೀಪ ಇರಿಸುತ್ತಾರೆ.

ಮಿತಿಯನ್ನು ಪಾಲಿಸಿದ ಮಾತ್ರಕ್ಕೆ ನೆಮ್ಮದಿಯಿಲ್ಲ. ಪ್ಲಾಸ್ಮಾದ ಅಲ್ಪ ವಿದ್ಯುದ್ರೋಧದಿಂದಾಗಿಯೇ ಬಲರೇಖೆಗಳು ಹರಿದು, ಮತ್ತೆ ಬೇರೆ ಬಗೆಯಲ್ಲಿ ಕೂಡಿಕೊಂಡು, ಕಾಂತದ್ವೀಪಗಳನ್ನು ರಚಿಸುತ್ತವೆ. ಅವು ಬೆಳೆದು ಒಂದನ್ನೊಂದು ಆಕ್ರಮಿಸಿದರೆ ಇಡೀ ಬಂಧನವೇ ಕುಸಿದು, ಒಳಗಿನ ಶಾಖವೆಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ ಗೋಡೆಗೆ ಸುರಿಯುತ್ತದೆ. ಭಾರತವೂ ಪಾಲುದಾರನಾಗಿ ಫ್ರಾನ್ಸಿನಲ್ಲಿ ನಿರ್ಮಾಣವಾಗುತ್ತಿರುವ ಈಟರ್ ಯಂತ್ರದಲ್ಲಿ 1.5 ಕೋಟಿ ಆಂಪೇರ್ ಪ್ರವಾಹ ಹರಿಯಬೇಕಾಗಿರುವುದರಿಂದ, ಅಂಥ ಕುಸಿತದ ಭೀತಿಯೇ ಅದರ ಶಿಲ್ಪಿಗಳನ್ನು ಬಹಳವಾಗಿ ಕಾಡುತ್ತಿದೆ.

ನನಗಾದರೋ ಈ ಮಹೋತ್ಪಾತಗಳಿಗಿಂತ, ಸದ್ದಿಲ್ಲದೆ ಶಾಖವನ್ನು ಸೋರಿಸುವ ಸೂಕ್ಷ್ಮಕ್ಷೋಭೆಗಳೇ ಹೆಚ್ಚು ಕುತೂಹಲಕರವೆನಿಸುತ್ತವೆ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲಿ ಕಾರ್ಯಾರಂಭಗೊಂಡ, ದೇಶೀಯವಾಗಿಯೇ ನಿರ್ಮಿತವಾದ ‘ಆದಿತ್ಯ’ ಟೋಕಮಾಕ್ ಈಗ ‘ಆದಿತ್ಯ-ಯು’ ಆಗಿ ನವೀಕೃತವಾಗಿದೆ. ಅದರ ಪ್ರಯೋಗದತ್ತಾಂಶಗಳನ್ನು ಆಧರಿಸಿ ಅಲ್ಲಿನ ಪ್ಲಾಸ್ಮಾವನ್ನು ಕುದಾಪುರದ ಆವರಣಕ್ಕೆ ಮಾತೃಸ್ಥಾನವಾದ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅನಿಮೇಶ್ ಕುಲೇ ಅವರ ತಂಡವು ಗಾಂಧಿನಗರದವರೊಡಗೂಡಿ ಗಣಕಯಂತ್ರದಲ್ಲಿ ಅನುಕರಿಸಿ ನೋಡಿದಾಗ, ಉಂಗುರದ ಹೊರಮಗ್ಗುಲಿನ ದುರ್ಬಲ ಕಾಂತಕ್ಷೇತ್ರದಲ್ಲಿ ಸಿಲುಕಿ ಹಿಂದುಮುಂದಾಗಿ ತೊನೆಯುವ ಎಲೆಕ್ಟ್ರಾನುಗಳೇ ಅಲ್ಲಿನ ಕ್ಷೋಭೆಯ ಮುಖ್ಯ ಪ್ರೇರಕವೆಂದು ಕಂಡುಬಂದಿತು; ಲೆಕ್ಕದಲ್ಲಿ ಮೂಡಿದ ಆಂದೋಲನಗಳ ವರ್ಣಪಟಲವೂ ಯಂತ್ರದಲ್ಲಿ ಅಳೆದುದರೊಡನೆ ಸ್ಥೂಲವಾಗಿ ಹೊಂದಿಕೊಂಡಿತು.