ಮೀನಿನ ಹೊಟ್ಟೆಯೊಳಗಿನ ಲೆಕ್ಕ

ಎರಡು ಕೆಜಿಯ ಹೆಣ್ಣು ಗೆಂಡೆ ಮೀನಿನ ಹೊಟ್ಟೆ ಸೀಳಿದರೆ ಕೆಲವೊಮ್ಮೆ ಎರಡೂ ಪಕ್ಕದಲ್ಲಿ ರವೆ ತುಂಬಿದ ಚೀಲದ ಹಾಗೆ ಮೊಟ್ಟೆ ಇರುತ್ತದೆ. ಅಷ್ಟೇ ತೂಕದ ಇನ್ನೊಂದರಲ್ಲಿ ಎರಡು ತೆಳ್ಳನೆಯ ಪಟ್ಟಿ ಬಿಟ್ಟರೆ ಏನೂ ಸಿಗುವುದಿಲ್ಲ. ಹೊಸಕೋಟೆಯೆಂದರೆ ಬೆಳಗಿನ ಜಾವದ ದಮ್ ಬಿರಿಯಾನಿ ಮಾತ್ರ ಎಂದುಕೊಂಡವರಿಗೆ ಕೆರೆಮೀನಿನ ಮೊಟ್ಟೆಯ ರುಚಿ ಗೊತ್ತಿಲ್ಲ, ಪಾಪ. ಪಿಲ್ಲಗುಂಪೆಯಿಂದ ಪೇಟೆಗೆ ಬಂದಾಗ ನಾನು ಅದನ್ನು ಬೇರೆಯಾಗಿ ಕಟ್ಟಿಸಿಕೊಳ್ಳುತ್ತೇನೆ. ಖಾಲಿ ಹೊಟ್ಟೆಯ ಮೀನು ಬಂದ ದಿನ ಕೊಯ್ಯುವಾಕೆ ಹೇಳಿದ್ದು: "ಮೇವು ಸಾಲ್ದಿರೋ ಮೀನು ಅಣ್ಣ ಇದು."

ಅದು ಅರ್ಧ ಉತ್ತರ. ಉಳಿದರ್ಧ ನೀರಿನ ಬಿಸಿಯಲ್ಲಿದೆ.

ಮೊಟ್ಟೆಯೆಂದರೆ ಮರಿಗೆ ತಾಯಿ ಕಟ್ಟಿಕೊಡುವ ಬುತ್ತಿ. ಈಸ್ಟ್ರೊಜೆನ್ ಹಾರ್ಮೋನಿನ ಸೂಚನೆ ಸಿಕ್ಕಾಗ ತಾಯಿ ಮೀನಿನ ಯಕೃತ್ತು ವೈಟೆಲೊಜೆನಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ಅದು ರಕ್ತದಲ್ಲಿ ಹರಿದು ಅಂಡಾಶಯ ಸೇರಿ ಮೊಟ್ಟೆಯೊಳಗಿನ ಹಳದಿಯಾಗುತ್ತದೆ. ಒಂದು ಕೆಜಿ ತೂಕದ ಗೆಂಡೆಗೆ ಲಕ್ಷಕ್ಕೂ ಮೀರಿ ಮೊಟ್ಟೆ ಕಟ್ಟಬೇಕು. ಅಷ್ಟಕ್ಕೂ ಸಾಮಗ್ರಿ ತಿಂದ ಮೇವಿನಿಂದಲೇ ಬರಬೇಕು.

ಆದರೆ ಮೀನಿನ ಮೈಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು 10 ಡಿಗ್ರಿ ಏರಿದರೆ ಅದರ ದೇಹದ ಖರ್ಚು ಸುಮಾರು ಎರಡರಷ್ಟಾಗುತ್ತದೆ. ಸಾಲದ್ದಕ್ಕೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಉಸಿರಾಟವೇ ದುಡಿಮೆಯಾಗುತ್ತದೆ. ಸಂಬಳದಲ್ಲಿ ಬಾಡಿಗೆ, ರೇಷನ್ನು ಕಳೆದು ಉಳಿದರೆ ತಾನೆ ಚೀಟಿ ಕಟ್ಟುವುದು? ಬೇಸಿಗೆಯಲ್ಲಿ ಕೆರೆ ಇಳಿದು, ಮೇವೂ ಕಮ್ಮಿಯಾದಾಗ ಮೊದಲು ನಿಲ್ಲುವ ಕಂತು ಮೊಟ್ಟೆಯದು. ಅರ್ಧ ಬಲಿತ ಮೊಟ್ಟೆಗಳನ್ನು ಕರಗಿಸಿ ತಾಯಿ ತನ್ನ ಮೈಗೇ ಹೀರಿಕೊಳ್ಳುವುದೂ ಉಂಟು. ಅದೇ ಬಿಸಿಯಲ್ಲಿ ಮೇವು ಧಾರಾಳವಾಗಿದ್ದರೆ, ತೀರಾ ಕಾಯದಿದ್ದರೆ, ಮೊಟ್ಟೆ ಬೇಗ ಬಲಿಯುತ್ತದೆ. ಹಾಗಾಗಿ ಮೇವು ಬೇರೆ, ಬಿಸಿ ಬೇರೆ ಎಂದು ಲೆಕ್ಕ ಬರೆದರೆ ತಾಳೆಯಾಗುವುದಿಲ್ಲ.

ಚಳಿಯ ಕಥೆ ಬೇರೆ. ಆಗ ಖರ್ಚು ಕಡಿಮೆ, ಹಸಿವೂ ಕಡಿಮೆ. ಬಲಿಯುವ ಕೆಲಸವೇ ನಿಧಾನ. ನೀರು 18 ಡಿಗ್ರಿ ದಾಟಿದರೆ ಸಾಮಾನ್ಯ ಗೆಂಡೆ ಕೆರೆಯಂಚಿನ ಗಿಡಗಳಿಗೆ ಮೊಟ್ಟೆ ಅಂಟಿಸಲು ಶುರುಮಾಡುತ್ತದೆ. ಕಾಟ್ಲಾ, ರೋಹು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಅವಕ್ಕೆ 26ರಿಂದ 30 ಡಿಗ್ರಿ ಬೇಕು, ಮೇಲೆ ಮುಂಗಾರಿನ ಹೊಳೆಯ ಪ್ರವಾಹವೂ ಬೇಕು. ನಿಂತ ನೀರಲ್ಲಿ ಹೊಟ್ಟೆ ತುಂಬ ಮೊಟ್ಟೆಯಿದ್ದರೂ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿದ ಮೇಲೆ ದಾರಿ ತೆರೆಯಿತು. ಇವತ್ತು ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳು ಹೆಚ್ಚಾಗಿ ಚುಚ್ಚುಮದ್ದಿನ ಕೂಸುಗಳೇ.

ಚುಚ್ಚುಮದ್ದು ಬಾಗಿಲು ತೆರೆದೀತು, ಇಲ್ಲದ ಮೊಟ್ಟೆಯನ್ನು ಹುಟ್ಟಿಸದು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಮಳೆಗಾಲಕ್ಕೆ ಕೆಲವು ತಿಂಗಳು ಮೊದಲೇ ತಾಯಿ ಮೀನುಗಳಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಕಲೆಸಿ ಹಾಕುತ್ತಾರೆ, ದಿನಕ್ಕೆ ಮೈತೂಕದ ನೂರಕ್ಕೆ ಎರಡು ಮೂರು ಪಾಲು. ಮಮತೆ ಹೆಚ್ಚಾಗಿ ಸುರಿದರೆ ಹೊಟ್ಟೆಯಲ್ಲಿ ಕೊಬ್ಬು ಕೂರುತ್ತದೆ, ಮೊಟ್ಟೆಯಲ್ಲ. ಆಮೇಲೆ ಪರೀಕ್ಷೆ ಕೈಯಲ್ಲೇ: ಹೆಣ್ಣಿನ ಹೊಟ್ಟೆ ಒತ್ತಿದರೆ ಮೆತ್ತಗೆ ತಗ್ಗಬೇಕು, ಗಂಡಿನ ಎದೆಯ ರೆಕ್ಕೆ ಸವರಿದರೆ ಉಪ್ಪುಕಾಗದದಂತೆ ಒರಟಾಗಿರಬೇಕು. ಇಟ್ಟ ಮೊಟ್ಟೆ 28 ಡಿಗ್ರಿಯ ಆಸುಪಾಸಿನಲ್ಲಿ ಒಂದು ದಿನದೊಳಗೇ ಒಡೆಯುತ್ತದೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದು ಜಿಲೇಬಿ, ಅಂದರೆ 1952ರಲ್ಲಿ ಭಾರತಕ್ಕೆ ತಂದ ಟಿಲಾಪಿಯಾ. ಕೆರೆಯಲ್ಲಿ ಗುಂಪು ಹೆಚ್ಚಿ ಮೇವು ಸಾಲದಾದರೆ ಅದು ಬೆಳೆಯುವುದನ್ನೇ ಬಿಟ್ಟು ಅಂಗೈಯಗಲವಾಗುವ ಮುಂಚೆಯೇ ತಾಯಾಗುತ್ತದೆ. ಮೊಟ್ಟೆ ಲಕ್ಷವಲ್ಲ, ಕೆಲವು ನೂರು. ಅವನ್ನು ಬಾಯೊಳಗಿಟ್ಟುಕೊಂಡು, ಮರಿಯಾಗುವ ತನಕ ಉಪವಾಸವಿರುತ್ತದೆ. ಬಲೆಗೆ ಬಿದ್ದರೆ ಉಗುಳಿಬಿಡುವುದೇ ಹೆಚ್ಚು. ಆದರೂ ಒಮ್ಮೊಮ್ಮೆ ಕೊಯ್ಯುವ ಹಲಗೆಯ ಮೇಲೆ ಅದರ ದವಡೆ ಬಿಡಿಸಿದಾಗ ಸಾಸಿವೆಗಿಂತ ತುಸು ದಪ್ಪನೆಯ ಹಳದಿ ಕಾಳುಗಳು ಉರುಳುತ್ತವೆ.